ತಿದ್ದಿದಷ್ಟೂ ಬರಹ: ಬಳ್ಳಿಗಾವಿಯ ಕೋಡಿಯ ಮಠ ಮತ್ತು ಒಳ್ಳೆಯ ಬರವಣಿಗೆಯ ಪಾಠ

‘ತಿದ್ದು’ ಎಂಬ ಕನ್ನಡ ಮಾತಿಗೆ ಎರಡು ಅರ್ಥಗಳಿವೆ. ಮೇಷ್ಟ್ರು ಬರೆದುಕೊಟ್ಟ ಅಕ್ಷರದ ಮೇಲೆ ಮಗು ಬಳಪ ಆಡಿಸುವುದು ತಿದ್ದುವುದು. ಬರೆದದ್ದರಲ್ಲಿ ತಪ್ಪು ಹುಡುಕಿ ಸರಿಪಡಿಸುವುದೂ ತಿದ್ದುವುದೇ. ಬರವಣಿಗೆ ಕಲಿಸುವ ನಮ್ಮ ಹಳೆಯ ಪದ್ಧತಿ ಈ ಎರಡು ತಿದ್ದುಗಳ ನಡುವೆ ನಡೆಯುತ್ತದೆ. ಮೊದಲು ಒಳ್ಳೆಯದರ ಮೇಲೆ ಕೈಯಾಡಿಸಬೇಕು, ಆಮೇಲೆ ತನ್ನದರ ತಪ್ಪು ಕಾಣಬೇಕು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ, 12ನೆಯ ಶತಮಾನದಲ್ಲಿ ಈ ವಿದ್ಯೆಗೆ ಒಂದು ದೊಡ್ಡ ಮನೆಯೇ ಇತ್ತು. ಆ ಮನೆ, ಅಲ್ಲಿ ಓದುತ್ತಿದ್ದ ಶಾಸ್ತ್ರ, ಅಂದಿನ ಕನ್ನಡ ಲಾಕ್ಷಣಿಕರು ಹೇಳಿದ ಗುಣದೋಷಗಳು ಮತ್ತು ಇಂದಿನ ತರಗತಿಗೆ ಅವುಗಳ ಉಪಯೋಗ ಈ ಲೇಖನದ ವಿಷಯ.

ಊರು ಮತ್ತು ಮಠ

ಶಾಸನಗಳಲ್ಲಿ ಬಳ್ಳಿಗಾವೆ, ಬಳ್ಳಿಗ್ರಾಮೆ ಎಂದೆಲ್ಲ ಕಾಣಿಸಿಕೊಳ್ಳುವ ಈ ಊರು ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ಮುಖ್ಯ ಪಟ್ಟಣವಾಗಿತ್ತು. ಶಿರಾಳಕೊಪ್ಪದ ಪಕ್ಕದಲ್ಲಿರುವ ಇಂದಿನ ಹಳ್ಳಿಯನ್ನು ನೋಡಿದವರಿಗೆ ಅದು ಸುಲಭವಾಗಿ ಕಣ್ಣಿಗೆ ಕಟ್ಟುವುದಿಲ್ಲ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಅಲ್ಲಿ ಅಕ್ಕಪಕ್ಕದಲ್ಲಿದ್ದವು. 1065ರಲ್ಲಿ ಅಲ್ಲೊಂದು ಬೌದ್ಧ ವಿಹಾರವೂ ಕಟ್ಟಲ್ಪಟ್ಟಿತ್ತು. ಅಲ್ಲಮಪ್ರಭು ಹುಟ್ಟಿದ ಊರೆಂದು ಪರಂಪರೆ ಹೇಳುವುದೂ ಬಳ್ಳಿಗಾವಿಯನ್ನೇ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪ ಕಡೆದು ಹೆಸರು ಕೆತ್ತಿಕೊಂಡ ದಾಸೋಜ ಮತ್ತು ಅವನ ಮಗ ಚಾವಣ ಇದೇ ಊರಿನವರು.

ಊರಿನ ಕೆರೆಯ ಕೋಡಿಯ ಹತ್ತಿರ ಕೇದಾರೇಶ್ವರ ದೇವಾಲಯವಿದೆ. ಅದಕ್ಕೆ ಸೇರಿದ್ದ ಮಠಕ್ಕೆ ಕೋಡಿಯ ಮಠವೆಂದೇ ಹೆಸರು ಬಂತು. ಇದನ್ನು ನಡೆಸುತ್ತಿದ್ದವರು ಕಾಳಾಮುಖ ಶೈವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಎಂಬ ಗುರುಗಳ ಹೆಸರುಗಳು ಶಾಸನಗಳಲ್ಲಿ ಸಾಲಾಗಿ ಬರುತ್ತವೆ. ತರ್ಕ, ವ್ಯಾಕರಣ, ಸಾಹಿತ್ಯಗಳಲ್ಲಿ ಪಳಗಿದವರೆಂದು ಸೋಮೇಶ್ವರ ಪಂಡಿತರಿಗೆ ಅಲ್ಲಿ ವಿಶೇಷ ಹೊಗಳಿಕೆ ಸಂದಿದೆ. ತಪಸ್ಸಿನ ಜೊತೆಗೆ ಪಾಂಡಿತ್ಯಕ್ಕೂ ಮಠಾಧಿಪತಿ ಹೆಸರಾಗಬೇಕಿದ್ದ ಕಾಲ ಅದು.

1162ರ ಶಾಸನ

ಕಳಚೂರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠದ ದಿನಚರಿಯನ್ನೇ ಬಿಡಿಸಿಡುತ್ತದೆ. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ 102ನೆಯ ಶಾಸನವಾಗಿ ಅದು ಅಚ್ಚಾಗಿದೆ.

ಅದರ ಪ್ರಕಾರ ಇಲ್ಲಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳಿಗೂ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳಿಗೂ ವ್ಯಾಖ್ಯಾನ ನಡೆಯುತ್ತಿತ್ತು. ಲಾಕುಲ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕ, ನೃತ್ಯ ಎಲ್ಲಕ್ಕೂ ಇಲ್ಲಿ ಜಾಗವಿತ್ತು. ಶಾಕಟಾಯನ ಜೈನ ವೈಯಾಕರಣ. ಶೈವ ಮಠದಲ್ಲಿ ಅವನ ಗ್ರಂಥಕ್ಕೆ ವ್ಯಾಖ್ಯಾನ ನಡೆಯುತ್ತಿತ್ತೆಂದರೆ, ಭಾಷೆಯ ವಿಷಯದಲ್ಲಿ ಮತ ನೋಡದೆ ಒಳ್ಳೆಯ ಪುಸ್ತಕ ನೋಡುತ್ತಿದ್ದರೆಂದಾಯಿತು.

ಬರವಣಿಗೆ ಕಲಿಸುವವರು ಈ ಶಾಸನದ ಕಟ್ಟನ್ನೂ ಗಮನಿಸಬೇಕು. ‘ಮಹಾದಾನಶೀಲ ಮಠ’ ಎಂದು ಒಂದು ವಿಶೇಷಣ ಅಂಟಿಸಿ ಅದು ಮುಂದೆ ಹೋಗುವುದಿಲ್ಲ. ಅನ್ನ ಉಂಡವರು ಯಾರು ಯಾರೆಂದು ಎಣಿಸುತ್ತದೆ: ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯದವರು, ಕುಣಿಯುವವರು, ನಾನಾ ದೇಶಗಳಿಂದ ಬಂದ ಭಿಕ್ಷುಗಳು. ರೋಗಿಗಳಿಗೆ ಮದ್ದು ಕೊಡುತ್ತಿದ್ದುದನ್ನೂ ಸೇರಿಸುತ್ತದೆ. ಪಟ್ಟಿ ಓದಿ ಮುಗಿಸುವಷ್ಟರಲ್ಲಿ ದಾನಶೀಲತೆ ಎಂಬ ಮಾತಿನ ಅಗತ್ಯವೇ ಉಳಿಯುವುದಿಲ್ಲ.

ಅಕ್ಷರ ತಿದ್ದುವುದು

ಕೇದಾರೇಶ್ವರ ಗುಡಿಯನ್ನು ಕಟ್ಟಿರುವುದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುವ ಈ ಕಲ್ಲಿನ ತುಂಡೇ ನಮ್ಮ ಹಿರಿಯರ ಕೈಯಲ್ಲಿ ಅಕ್ಷರ ಬರೆಯುವ ಬಳಪವೂ ಆಗಿತ್ತು. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಾಡಿಸಿ, ಹಲಗೆಯ ಮೇಲೆ ಬಳಪ ಆಡಿಸಿ, ಕಡೆಗೆ ಕಂಟವೆಂಬ ಉಕ್ಕಿನ ಲೇಖನಿ ಹಿಡಿದು ತಾಳೆಯೋಲೆಯ ಮೇಲೆ ಕೊರೆಯುವುದು ಹಳೆಯ ಕ್ರಮ. ಮರಳನ್ನು ಅಂಗೈಯಿಂದ ಸವರಿದರೆ ತಪ್ಪು ಮಾಯ. ಓಲೆಯ ಮೇಲೆ ಕೊರೆದದ್ದು ಹಾಗೆ ಹೋಗುವುದಿಲ್ಲ, ಕಲ್ಲಿನಲ್ಲಿ ಕಂಡರಿಸಿದ್ದಂತೂ ಹೋಗುವುದೇ ಇಲ್ಲ. ಹಾಗಾಗಿ ತಪ್ಪನ್ನೆಲ್ಲ ಮರಳಿನಲ್ಲಿರುವಾಗಲೇ ಮಾಡಿ ಮುಗಿಸಬೇಕಿತ್ತು. ಈಗಿನ ಮಾತಿನಲ್ಲಿ ಅದು ಕಚ್ಚಾ ಪ್ರತಿ.

ಹತ್ತಿರದ ತಾಳಗುಂದದಲ್ಲಿ ಈ ವಿದ್ಯೆಯ ಇನ್ನೂ ಹಳೆಯ ಗುರುತಿದೆ. 5ನೆಯ ಶತಮಾನದ ಕದಂಬ ಶಾಂತಿವರ್ಮನ ಕಾಲದ ಸ್ತಂಭ ಶಾಸನವು ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋದದ್ದನ್ನು ಹೇಳುತ್ತದೆ. ಅದನ್ನು ರಚಿಸಿದ ಕವಿ ಕುಬ್ಜ ತಾನೇ ಅದನ್ನು ಕಲ್ಲಿನ ಮೇಲೆ ಬರೆದೆನೆಂದೂ ಹೇಳಿಕೊಂಡಿದ್ದಾನೆ. ಕಟ್ಟಿದ ಕೈ, ಬರೆದ ಕೈ ಎರಡೂ ಒಂದೇ ಆದ ಅಪರೂಪದ ನಿದರ್ಶನ ಇದು.

ವ್ಯಾಖ್ಯಾನ ಎಂಬ ನಿಧಾನದ ಓದು

ಕೋಡಿಯ ಮಠದ ಶಾಸನದಲ್ಲಿ ಮತ್ತೆ ಮತ್ತೆ ಬರುವ ಕೆಲಸ ವ್ಯಾಖ್ಯಾನ. ಬರೆಯುವುದನ್ನು ಕಲಿಯುವವನು ಮೊದಲು ಇನ್ನೊಬ್ಬರು ಬರೆದದ್ದನ್ನು ಬಿಚ್ಚಿ ನೋಡಬೇಕೆಂಬುದು ಅದರ ತಿರುಳು. ಸಂಪ್ರದಾಯ ವ್ಯಾಖ್ಯಾನಕ್ಕೆ ಐದು ಹೆಜ್ಜೆ ಹೇಳುತ್ತದೆ.

ಪದಚ್ಛೇದ: ಕೂಡಿಕೊಂಡ ಪದಗಳನ್ನು ಬಿಡಿಸುವುದು.
ಪದಾರ್ಥೋಕ್ತಿ: ಒಂದೊಂದು ಪದಕ್ಕೂ ಅರ್ಥ ಹೇಳುವುದು.
ವಿಗ್ರಹ: ಸಮಾಸಗಳನ್ನು ಒಡೆದು ತೋರಿಸುವುದು.
ವಾಕ್ಯಯೋಜನೆ: ಯಾವ ಪದ ಯಾವುದಕ್ಕೆ ಹೊಂದುತ್ತದೆಂದು ಜೋಡಿಸುವುದು.
ಆಕ್ಷೇಪ ಸಮಾಧಾನ: ಬರಬಹುದಾದ ಪ್ರಶ್ನೆಯನ್ನು ತಾನೇ ಎತ್ತಿ ಉತ್ತರ ಕೊಡುವುದು.

ಮೊದಲ ನಾಲ್ಕು ಓದುವವನನ್ನು ತಯಾರು ಮಾಡುತ್ತವೆ, ಐದನೆಯದು ಬರೆಯುವವನನ್ನು. ‘ಇದನ್ನು ಓದಿದವರು ಇಲ್ಲಿ ಏನು ಕೇಳಬಹುದು?’ ಎಂದು ಯೋಚಿಸುವ ವಿದ್ಯಾರ್ಥಿಯ ಪ್ರಬಂಧ, ಯೋಚಿಸದವನ ಪ್ರಬಂಧಕ್ಕಿಂತ ಎರಡನೆಯ ಪ್ಯಾರಾದಲ್ಲೇ ಬೇರೆಯಾಗುತ್ತದೆ.

ಮೊದಲು ದೋಷ, ಆಮೇಲೆ ಗುಣ

ಒಳ್ಳೆಯ ಬರಹದ ಲಕ್ಷಣವನ್ನು ಕನ್ನಡದಲ್ಲಿ ಹೇಳುವ, ನಮಗೆ ಸಿಕ್ಕಿರುವ ಮೊದಲ ಗ್ರಂಥ 9ನೆಯ ಶತಮಾನದ ‘ಕವಿರಾಜಮಾರ್ಗ’. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನ ಕೃತಿ ಇದು. ಅದರ ಮೂರು ಪರಿಚ್ಛೇದಗಳಲ್ಲಿ ದೋಷಗಳ ವಿಚಾರ ಬರುವುದು ಮೊದಲನೆಯದರಲ್ಲೇ. ಶಬ್ದಾಲಂಕಾರ, ಅರ್ಥಾಲಂಕಾರಗಳ ಸರದಿ ಆಮೇಲೆ. ಚಾಲುಕ್ಯರ ಕಾಲದ ಇಮ್ಮಡಿ ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿ ಈ ಕ್ರಮ ಇನ್ನೂ ನಿಚ್ಚಳವಾಗಿದೆ. ಮೊದಲ ಭಾಗ ಶಬ್ದಸ್ಮೃತಿ, ಅಂದರೆ ವ್ಯಾಕರಣ. ಎರಡನೆಯದು ಕಾವ್ಯಮಲವ್ಯಾವೃತ್ತಿ, ಕೊಳೆ ತೊಳೆಯುವುದು. ಗುಣವಿವೇಕಕ್ಕೆ ಮೂರನೆಯ ಜಾಗ.

ಈ ಕ್ರಮದ ಹಿಂದೆ ವ್ಯವಹಾರಜ್ಞಾನವಿದೆ. ‘ಚೆನ್ನಾಗಿ ಬರಿ’ ಎಂದರೆ ಹುಡುಗನಿಗೆ ಏನು ಮಾಡಬೇಕೆಂದು ತಿಳಿಯದು. ‘ಈ ವಾಕ್ಯದಲ್ಲಿ ಒಂದೇ ಮಾತು ಮೂರು ಸಲ ಬಂದಿದೆ, ಎರಡನ್ನು ತೆಗಿ’ ಎಂದರೆ ತಿಳಿಯುತ್ತದೆ.

ಸಂಸ್ಕೃತದ ಲಾಕ್ಷಣಿಕ ದಂಡಿ ಹತ್ತು ದೋಷಗಳನ್ನು ಹೆಸರಿಸಿದ್ದಾನೆ. ಕವಿರಾಜಮಾರ್ಗಕಾರನಿಗೆ ದಂಡಿಯ ಋಣ ದೊಡ್ಡದು. ಹತ್ತರಲ್ಲಿ ಕೆಲವು ಇಂದಿನ ಉತ್ತರಪತ್ರಿಕೆಗಳಲ್ಲೂ ನಿತ್ಯ ಕಾಣುವಂಥವು.

ಏಕಾರ್ಥ: ಹೇಳಿದ್ದನ್ನೇ ಹೇಳುವುದು. ‘ಕೇದಾರೇಶ್ವರ ದೇವಾಲಯ ಬಹಳ ಹಳೆಯದಾದ ಪುರಾತನ ದೇವಾಲಯ.’
ವ್ಯರ್ಥ: ಹಿಂದಿನ ಮಾತಿಗೆ ಮುಂದಿನ ಮಾತು ವಿರೋಧವಾಗುವುದು. ‘ಊರಿನಲ್ಲಿ ಯಾರಿಗೂ ಈ ವಿಷಯ ಗೊತ್ತಿಲ್ಲ, ಎಲ್ಲರೂ ಇದನ್ನೇ ಹೇಳುತ್ತಾರೆ.’
ಸಂಶಯ: ಎರಡು ಅರ್ಥಕ್ಕೆ ಎಡೆಯಾಗುವುದು. ‘ರವಿ ಕಿರಣನನ್ನು ಅವನ ಮನೆಯಲ್ಲಿ ಕಂಡ.’ ಯಾರ ಮನೆ?
ಅಪಕ್ರಮ: ಹೆಸರಿಸಿದ ಸಾಲಿಗೂ ವಿವರಿಸಿದ ಸಾಲಿಗೂ ತಾಳ ತಪ್ಪುವುದು. ‘ಕುಬ್ಜ, ದಾಸೋಜ, ಅಲ್ಲಮರು ಕ್ರಮವಾಗಿ ವಚನಕಾರ, ಕವಿ, ಶಿಲ್ಪಿ.’
ದೇಶಕಾಲವಿರೋಧ: ಆ ಜಾಗಕ್ಕೆ, ಆ ಕಾಲಕ್ಕೆ ಸಲ್ಲದ್ದನ್ನು ಬರೆಯುವುದು. 12ನೆಯ ಶತಮಾನದ ಮಠದ ಊಟದ ಸಾಲಿನಲ್ಲಿ ಹಸಿಮೆಣಸಿನಕಾಯಿ ಚಟ್ನಿ ಬಡಿಸಿದರೆ ಇದೇ ದೋಷ. ಮೆಣಸಿನಕಾಯಿ ನಮ್ಮಲ್ಲಿಗೆ ಬಂದದ್ದು ಪೋರ್ಚುಗೀಸರು ಬಂದ ಮೇಲೆ. ಅಲ್ಲಿಯವರೆಗೆ ಖಾರವೆಂದರೆ ಕಾಳುಮೆಣಸು.

ಕನ್ನಡಕ್ಕೇ ವಿಶೇಷವಾದ ಒಂದು ದೋಷವನ್ನು ನಮ್ಮ ಲಾಕ್ಷಣಿಕರು ತಾವೇ ಸೇರಿಸಿದರು. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಹೊಂದಿಕೆ ನೋಡದೆ ಸಮಾಸ ಮಾಡುವುದು ಅದು. ಹಾಗೆ ಬೆರೆಸುವುದು ಕಾದ ಹಾಲಿಗೆ ಮಜ್ಜಿಗೆಯ ಹನಿ ಬಿಟ್ಟಂತೆ ಎಂಬುದು ಕವಿರಾಜಮಾರ್ಗದ ಹೋಲಿಕೆ. 1112ರಲ್ಲಿ ‘ಧರ್ಮಾಮೃತ’ ಬರೆದ ಮುಳುಗುಂದದ ನಯಸೇನ ತುಪ್ಪಕ್ಕೆ ಎಣ್ಣೆ ಬೆರೆಸುವ ಮಾತೆತ್ತಿದ. ಒಬ್ಬನದು ಹಾಲು ಮಜ್ಜಿಗೆ, ಇನ್ನೊಬ್ಬನದು ತುಪ್ಪ ಎಣ್ಣೆ. ಇಬ್ಬರ ಹೋಲಿಕೆಯೂ ಅಡುಗೆಮನೆಯದೇ. ‘ಮುಖಕಮಲ’ ಸರಿ, ‘ಮೊಗದಾವರೆ’ ಸರಿ. ‘ಮುಖದಾವರೆ’ ಅರಿಸಮಾಸ ಎಂದು ಶಾಲೆಯ ವ್ಯಾಕರಣ ಇಂದಿಗೂ ಕಲಿಸುತ್ತದೆ. ಸಮಾಸದ ಈ ಜಗಳ ಈಗ ಹಿಂದೆ ಸರಿದಿದೆ. ಆದರೆ ಕಚೇರಿಯ ‘ಸದರಿ’, ‘ಮೇಲ್ಕಾಣಿಸಿದ’, ‘ಕ್ರಮ ಕೈಗೊಳ್ಳಲಾಗುವುದು’ಗಳನ್ನು ಮಕ್ಕಳು ಅಜ್ಜನಿಗೆ ಬರೆಯುವ ಪತ್ರದೊಳಗೂ ತಂದಾಗ ಅದೇ ಹಾಲು ಒಡೆಯುತ್ತದೆ.

ಗುಣಗಳು: ಹತ್ತರಲ್ಲಿ ಐದು

ದಂಡಿ ಹೇಳಿದ ಗುಣಗಳೂ ಹತ್ತು: ಶ್ಲೇಷ, ಪ್ರಸಾದ, ಸಮತೆ, ಮಾಧುರ್ಯ, ಸುಕುಮಾರತೆ, ಅರ್ಥವ್ಯಕ್ತಿ, ಉದಾರತ್ವ, ಓಜಸ್ಸು, ಕಾಂತಿ, ಸಮಾಧಿ. ಕವಿರಾಜಮಾರ್ಗ ಇವನ್ನು ದಕ್ಷಿಣ, ಉತ್ತರ ಎಂಬ ಎರಡು ಮಾರ್ಗಗಳ, ಅಂದರೆ ಕಾವ್ಯಶೈಲಿಗಳ, ಸಂದರ್ಭದಲ್ಲಿ ಕನ್ನಡಕ್ಕೆ ಹೊಂದಿಸುತ್ತದೆ. ಗದ್ಯ ಬರೆಯುವ ವಿದ್ಯಾರ್ಥಿಗೆ ಐದು ಸಾಕು.

ಪ್ರಸಾದ ಎಂದರೆ ತಿಳಿ. ಮಳೆಗಾಲ ಮುಗಿದ ಮೇಲೆ ಕೆರೆಯ ನೀರು ತಿಳಿಯಾಗಿ ತಳದ ಕಲ್ಲು ಕಾಣುವಂತೆ, ಓದಿದ ಕೂಡಲೇ ಅರ್ಥ ಕಾಣುವುದು. ಅರ್ಥವ್ಯಕ್ತಿ ಇದರ ಜೊತೆಯದು: ಓದುವವನು ಹೊರಗಿನಿಂದ ಏನನ್ನೂ ಎಳೆದು ತಂದು ತುಂಬಿಕೊಳ್ಳಬೇಕಾಗದಂತೆ ಬರೆಯುವುದು. ‘ಅದು ಆದ ಮೇಲೆ ಅವರು ಅಲ್ಲಿಗೆ ಹೋದರು’ ಎಂಬಲ್ಲಿ ಪದವೆಲ್ಲ ಸರಳ, ಅರ್ಥವ್ಯಕ್ತಿ ಮಾತ್ರ ಇಲ್ಲ. ಸರಳ ಪದ ಬಳಸಿದರೆ ಸ್ಪಷ್ಟತೆ ತಾನೇ ಬರುತ್ತದೆಂಬ ಭ್ರಮೆಗೆ ಇದು ಔಷಧ.

ಸಮತೆ ಎಂದರೆ ಆರಂಭಿಸಿದ ಹದವನ್ನು ಕಡೆಯವರೆಗೆ ಕಾಯುವುದು. ಗ್ರಂಥಸ್ಥ ಭಾಷೆಯಲ್ಲಿ ಶುರುವಾಗಿ ನಡುವೆ ಆಡುಮಾತಿಗೆ ಜಾರಿ ಮತ್ತೆ ಮೇಲೇರಿದರೆ ಓದುವವನ ಕಾಲು ಎಡವುತ್ತದೆ. ಓಜಸ್ಸು ಬಿಗುವು. ಸಮಾಸದ ಸಮೃದ್ಧಿಯಲ್ಲಿ ಅದನ್ನು ಕಂಡ ದಂಡಿ ಅದೇ ಗದ್ಯದ ಜೀವಾಳವೆಂದ. ಇಂದಿನ ಕನ್ನಡದಲ್ಲಿ ಆ ಬಿಗಿಯನ್ನು ಕ್ರಿಯಾಪದ ಕೊಡುತ್ತದೆ. ‘ಪರಿಶೀಲನೆಯನ್ನು ಮಾಡಿದರು’ ಎಂಬುದಕ್ಕಿಂತ ‘ಪರಿಶೀಲಿಸಿದರು’ ಬಿಗಿ, ‘ನೋಡಿದರು’ ಇನ್ನೂ ಬಿಗಿ.

ಐದನೆಯದು ಕಾಂತಿ. ಹೆಸರು ಕೇಳಿದರೆ ಹೊಳಪು, ಥಳುಕು ಎನ್ನಿಸುತ್ತದೆ. ಆದರೆ ದಂಡಿಯ ಪ್ರಕಾರ ಲೋಕದ ಅಳತೆಯನ್ನು ಮೀರದೆ ಹೇಳುವುದೇ ಕಾಂತಿ. ಉತ್ಪ್ರೇಕ್ಷೆಯಿಲ್ಲದ್ದರಿಂದಲೇ ಅದು ಎಲ್ಲರಿಗೂ ಹಿಡಿಸುತ್ತದೆ. ‘ಜಗತ್ತಿನಲ್ಲೇ ಇಂಥ ಗುಡಿ ಮತ್ತೊಂದಿಲ್ಲ’ ಎನ್ನುವವನಿಗಿಂತ, ‘ಇಲ್ಲಿನ ಕಂಬದಲ್ಲಿ ನನ್ನ ಮುಖದ ನೆರಳು ಕಂಡಿತು’ ಎನ್ನುವ ಹುಡುಗಿಯ ವಾಕ್ಯದಲ್ಲಿ ಕಾಂತಿ ಹೆಚ್ಚು.

ಕಲ್ಲು ಕಲಿಸುವ ಕ್ರಮ

ದಾನಶಾಸನಕ್ಕೆ ಒಂದು ಕಟ್ಟಿದೆ. ದೇವರ ಸ್ತುತಿ, ಆಳುವ ಅರಸು, ನಾಡನ್ನು ನೋಡಿಕೊಳ್ಳುವ ಅಧಿಕಾರಿ, ದಾನ ಪಡೆಯುವ ಗುರುವಿನ ಪರಂಪರೆ, ಕಾಲ, ಕೊಟ್ಟ ಭೂಮಿ, ಅದರ ಎಲ್ಲೆ, ಕೆಡಿಸಿದವರಿಗೆ ಶಾಪ. ಯಾರು, ಯಾರಿಗೆ, ಯಾವಾಗ, ಏನನ್ನು, ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆಗಳಿಗೆಲ್ಲ ಒಂದು ಕಲ್ಲಿನಲ್ಲಿ ಉತ್ತರವಿರಬೇಕು.

ಅದೇ ಕಲ್ಲಿನಲ್ಲಿ ಎರಡು ಶೈಲಿಗಳೂ ಇರುತ್ತವೆ. ಅರಸನ ಬಿರುದುಗಳಲ್ಲಿ ಉದ್ದುದ್ದ ಸಂಸ್ಕೃತ ಸಮಾಸ, ಕಂದ, ವೃತ್ತ. ಭೂಮಿಯ ವಿಷಯಕ್ಕೆ ಬಂದ ಕೂಡಲೇ ಗದ್ದೆ, ಕೆರೆ, ಮತ್ತರು, ಕಮ್ಮ, ಮೂಡಲು, ಪಡುವಲು ಎಂಬ ನೆಲದ ಮಾತು. ಹೊಗಳಿಕೆ ಅರ್ಥವಾಗದಿದ್ದರೆ ನಷ್ಟವಿಲ್ಲ. ಎಲ್ಲೆ ಅರ್ಥವಾಗದಿದ್ದರೆ ಜಗಳ. ಯಾವ ಭಾಗವನ್ನು ಯಾರು ಓದುತ್ತಾರೆ, ಯಾತಕ್ಕೆ ಓದುತ್ತಾರೆ ಎಂದು ಅರಿತು ಭಾಷೆ ಬದಲಿಸುವ ಈ ಜಾಣತನ ಇಂದಿನ ಸುತ್ತೋಲೆ ಬರೆಯುವವರಿಗೂ ಬೇಕು.

ಇನ್ನೂ ಕಿರಿದಾದ ಮಾದರಿ ಬೇಕಾದರೆ ಸೊರಬ ತಾಲ್ಲೂಕಿನ ವೀರಗಲ್ಲುಗಳಿವೆ. ತುರುಗೊಳ್ಳಲು ಬಂದವರು ಯಾರು, ಎದುರಿಸಿದವನು ಯಾರು, ಅವನು ಹೇಗೆ ಸತ್ತ, ಕಲ್ಲು ನಿಲ್ಲಿಸಿದವರು ಯಾರು: ಒಂದು ಜೀವ, ಒಂದು ಸಾವು, ಕೆಲವೇ ಸಾಲು. ಕೊರೆಯುವವನಿಗೆ ಪ್ರತಿ ಅಕ್ಷರಕ್ಕೂ ಉಳಿಯ ಏಟು ಬೀಳುತ್ತಿದ್ದುದರಿಂದ ಬೇಡದ ಪದ ಕಲ್ಲಿನ ಮೇಲೆ ಉಳಿಯುತ್ತಿರಲಿಲ್ಲ.

ದೋಷವೇ ಗುಣವಾಗುವ ಜಾಗ

ನಿಯಮ ಕಲಿಸಿದ ದಂಡಿಯೇ ಅದಕ್ಕೆ ವಿನಾಯಿತಿಯನ್ನೂ ಕೊಟ್ಟಿದ್ದಾನೆ. ಮರುಕ ಉಕ್ಕಿದಾಗ ಮಾತು ಮರುಕಳಿಸಿದರೆ ಅದು ಏಕಾರ್ಥ ದೋಷವಲ್ಲ. 1162ರ ಶಾಸನದಲ್ಲೂ ಮಠವನ್ನು ಬಣ್ಣಿಸುವಾಗ ‘ಸ್ಥಾನ’ ಎಂಬ ಒಂದೇ ಪದ ಕೊಂಡಿಯಂತೆ ಮತ್ತೆ ಮತ್ತೆ ಬರುತ್ತದೆ. ಅದು ಬೇಸರ ತರದೆ ಪಟ್ಟಿಗೆ ನಡಿಗೆ ಕೊಡುತ್ತದೆ. ಅಲ್ಲಮನ ಬೆಡಗಿನ ವಚನಗಳು ಪ್ರಸಾದಗುಣವನ್ನು ಬೇಕೆಂದೇ ಬಿಟ್ಟುಕೊಟ್ಟವು. ಕೇಳಿದವನು ನಿಂತು ಯೋಚಿಸಲೆಂದು ಅರ್ಥವನ್ನು ಮರೆಯಲ್ಲಿಟ್ಟವು. ತಿಳಿಯಾಗಿ ಬರೆಯಲು ಬಲ್ಲವನು ಕಟ್ಟಿದ ಒಗಟು ಒಗಟಾಗಿರುತ್ತದೆ. ಬರೆಯಲು ಬಾರದವನ ಒಗಟು ಬರೀ ಗೊಂದಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿಕೊಡುವುದು ಕಷ್ಟ, ಹೇಳದೆ ಬಿಡುವುದು ತಪ್ಪು.

ಮಾದರಿಗಳಿಲ್ಲದೆ ಇದು ತಿಳಿಯುವುದೂ ಇಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜ ‘ಶಬ್ದಮಣಿದರ್ಪಣ’ ಬರೆದಾಗ ಸೂತ್ರಗಳಿಗೆ ಆಧಾರವಾಗಿ ಹಿಂದಿನ ಕವಿಗಳ ಪ್ರಯೋಗಗಳನ್ನು ಮುಂದಿಟ್ಟುಕೊಂಡ. ಅವನ ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ದಲ್ಲಿ ಹಲವು ಕವಿಗಳ ಪದ್ಯಗಳನ್ನು ವಿಷಯವಾರು ಜೋಡಿಸಿಟ್ಟಿದ್ದ. ಅಪ್ಪನದು ಮಾದರಿಗಳ ಕಣಜ, ಮಗನದು ನಿಯಮ. ತರಗತಿಗೆ ಎರಡೂ ಬೇಕು.

ಇಂದಿನ ತರಗತಿಗೆ

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಮೂರು ಅಂಕಣಗಳಲ್ಲಿ ನಮ್ಮ ಶಾಲೆಗಳು ಪ್ರಬಂಧ ಕಲಿಸುತ್ತವೆ. ಗಾದೆ ವಿಸ್ತರಣೆಯಂತೂ ‘ಗಾದೆಗಳು ವೇದಕ್ಕೆ ಸಮಾನ’ ಎಂದೇ ಊರಿಂದೂರಿಗೆ ಆರಂಭವಾಗುತ್ತದೆ. ಅಂಕಣ ಬೇಡವೆಂದಲ್ಲ, ಶಾಸನಕ್ಕೂ ಅಂಕಣವಿತ್ತು. ಅದರೊಳಗೆ ತುಂಬಿದ್ದು ಮಾತ್ರ ಆ ಊರಿನ, ಆ ದಿನದ ಸಂಗತಿ. ಬಳ್ಳಿಗಾವಿಯ ಪಾಠವನ್ನು ಒಂದು ವಾರದ ಕೆಲಸವಾಗಿ ಹೀಗೆ ಹಂಚಿಕೊಳ್ಳಬಹುದು.

ಮೊದಲ ದಿನ: ಹತ್ತಿರದ ವೀರಗಲ್ಲನ್ನೋ ಗುಡಿಯ ಶಾಸನವನ್ನೋ ನೋಡಿ, ಅದರ ಅಚ್ಚಾದ ಪಾಠವನ್ನು ಕೈಬರಹದಲ್ಲಿ ನಕಲು ಮಾಡುವುದು. ಇದು ಮೊದಲನೆಯ ತಿದ್ದು.
ಎರಡನೆಯ ದಿನ: ವ್ಯಾಖ್ಯಾನದ ಐದು ಹೆಜ್ಜೆಗಳಲ್ಲಿ ಅದನ್ನು ಬಿಡಿಸುವುದು.
ಮೂರನೆಯ ದಿನ: ಕಂಡದ್ದನ್ನು ಐವತ್ತು ಪದಗಳಲ್ಲಿ ಬರೆಯುವುದು. ಕಲ್ಲಿನ ಮೇಲೆ ಕೊರೆಯಬೇಕಾದವರಂತೆ ಲೆಕ್ಕವಿಟ್ಟು ಬರೆಯಬೇಕು.
ನಾಲ್ಕನೆಯ ದಿನ: ಪಕ್ಕದವರ ಜೊತೆ ನೋಟುಬುಕ್ಕು ಬದಲಿಸಿ ಗಟ್ಟಿಯಾಗಿ ಓದಿ, ತಪ್ಪಿಗೆ ಕೆಂಪು ಗೀಟಿನ ಬದಲು ಅದರ ಹೆಸರು ಬರೆಯುವುದು: ಏಕಾರ್ಥ, ಸಂಶಯ, ಅಪಕ್ರಮ.
ಐದನೆಯ ದಿನ: ಮತ್ತೆ ಬರೆಯುವುದು. ಇದು ಎರಡನೆಯ ತಿದ್ದು.

ನಾಲ್ಕನೆಯ ದಿನದ ಕೆಲಸವನ್ನು ಬಿಟ್ಟು ಐದಕ್ಕೆ ಹಾರಬಾರದು. ಎಷ್ಟು ಹೆಣಗಿದರೂ ಕಣ್ಣಿಗೆ ತನ್ನ ಕಾಡಿಗೆ ಕಾಣದಂತೆ ಬರೆದವನಿಗೆ ತನ್ನ ದೋಷ ಕಾಣದು ಎಂದು ಕವಿರಾಜಮಾರ್ಗವೇ ಎಚ್ಚರಿಸಿದೆ. ಓದದವರೂ ಚಿಕ್ಕ ಮಕ್ಕಳೂ ತಂತಮ್ಮ ನುಡಿಯಲ್ಲಿ ಜಾಣರು ಎಂದು ಕನ್ನಡಿಗರನ್ನು ನಂಬಿದ್ದೂ ಅದೇ ಗ್ರಂಥ. ಹಾಗಾಗಿ ತಪ್ಪು ತೋರಿಸುವವರು ಪಂಡಿತರೇ ಆಗಬೇಕಿಲ್ಲ. ಪಕ್ಕದ ಬೆಂಚಿನ ಗೆಳತಿಯಾದೀತು, ಮನೆಯಲ್ಲಿ ಅಜ್ಜಿಗೆ ಓದಿ ಹೇಳಿದರೂ ಆದೀತು. ಅವರು ‘ಏನಂದೆ, ಇನ್ನೊಂದ್ಸಲ ಹೇಳು’ ಎಂದು ಕೇಳಿದ ಜಾಗದಲ್ಲೇ ತಿದ್ದುವ ಕೆಲಸವಿದೆ.

ಕೋಡಿಯ ಮಠದ ಪಾಠಶಾಲೆ ಇಂದು ಇಲ್ಲ. ಕೇದಾರೇಶ್ವರನ ಗುಡಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಶಿಕಾರಿಪುರ, ಸೊರಬದ ಮೇಷ್ಟ್ರುಗಳು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಮಕ್ಕಳನ್ನು ದೂರದೂರಿಗೆ ಕರೆದೊಯ್ಯುವ ಮುಂಚೆ, ಒಂದು ದಿನ ನೋಟುಬುಕ್ಕು ಹಿಡಿಸಿ ಇಲ್ಲಿಗೆ ಕರೆತರಲಿ.